ಬಾಗಿಲಿಲ್ಲದ ಸ್ಕ್ರಿಪ್ಟು

ಮಸ್ಕಿಯ ಬಸ್ ನಿಲ್ದಾಣದ ಹಿಂದೆ ಹಾಡು ಕೂಡಿಡುವ ಸಣ್ಣ ಸಂಸ್ಥೆಯೊಂದಿದೆ. ಸುತ್ತಲಿನ ಹೆಂಗಸರು ಹಾಡಿದ ಬೀಸುಕಲ್ಲಿನ ಪದಗಳೆಲ್ಲ ಅಲ್ಲಿನ ಕಂಪ್ಯೂಟರಿನಲ್ಲಿವೆ. ಅದನ್ನು ನೋಡಿಕೊಳ್ಳುವವಳು ಸಂತೆಕಲ್ಲೂರಿನ ಮಾಸುಂಬಿ. ಮಧ್ಯಾಹ್ನ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದಳೆಂದರೆ ಮುಗಿಯಿತು, ಕರೆದರೂ ಓಗೊಡುವವಳಲ್ಲ. ತುರ್ವಿಹಾಳದ ಹುಲಿಗೆಮ್ಮನ ಪದ ಕೇಳುವಾಗಲಂತೂ ಹಿಟ್ಟಿನ ವಾಸನೆಯೇ ಅವಳ ಮೂಗಿಗೆ ಬರುತ್ತಿತ್ತು. ಹುಲಿಗೆಮ್ಮ ತೀರಿಹೋಗಿ ನಾಲ್ಕು ವರ್ಷ. ಅವಳ ದನಿ ಉಳಿದದ್ದು ಇದೊಂದೇ ಕಡೆ. ಅದನ್ನು ಕೇಳಲು ಮಗಳು ಗದ್ದೆಮ್ಮ ಶುಕ್ರವಾರ ಬರುವವಳಿದ್ದಳು.

ಮಾಸುಂಬಿ ಜಾಣೆ, ಎರಡು ಮಾತಿಲ್ಲ. ಬೇಡದ ಫೈಲುಗಳು ತಾವಾಗಿ ಅಳಿಸಿಹೋಗಲೆಂದು ಆಜ್ಞೆಗಳನ್ನು ಸಾಲಾಗಿ ಬರೆದು ಸ್ಕ್ರಿಪ್ಟ್ ಮಾಡಿದ್ದಳು. ಆದರೆ ಅದಕ್ಕೆ ಇಡೀ ಯಂತ್ರದ ಯಜಮಾನಿಕೆ ಕೊಟ್ಟಿದ್ದಳು. ನಕಲು ಇಟ್ಟ ಡಿಸ್ಕನ್ನೂ ಅದು ಬಿಡುತ್ತಿರಲಿಲ್ಲ. ಮೇಲಾಗಿ ಯಾರು ಬೇಕಾದರೂ ಅದನ್ನು ತೆರೆದು ತಿದ್ದಬಹುದಿತ್ತು. ಅವಳ ಊರಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುವುದಿಲ್ಲ. ಜೊತೆಗೆ ಕೂತು ಬುತ್ತಿ ಬಿಚ್ಚುವ ಸಹೋದ್ಯೋಗಿ ಚನ್ನುವಿಗೆ ಪಾಸ್‌ವರ್ಡಿನ ಅಡ್ಡಿ ಇಡಲು ಅವಳಿಗೆ ನಾಚಿಕೆ. ಎಂಥಾ ನಾಚಿಕೆಯೋ!

ಗುರುವಾರ ಅವಳು ಲಿಂಗಸುಗೂರಿಗೆ ಹೋಗಿದ್ದಾಗ ಡಿಸ್ಕ್ ತುಂಬಿತು. ಚನ್ನು, ಪಾಪ, ಒಳ್ಳೆಯದಕ್ಕೆಂದೇ ಸ್ಕ್ರಿಪ್ಟಿನ ಒಂದು ಸಾಲು ತಿದ್ದಿ ಓಡಿಸಿದ. ಫೋಲ್ಡರಿನ ಹೆಸರು ತಪ್ಪಿತು. ತುರ್ವಿಹಾಳದ ಪದಗಳೆಲ್ಲ ನಕಲಿನ ಸಮೇತ ಹೋದವು.

"ಜಾಗ ಆಗ್ಲಿ ಅಂತ ಮಾಡಿದ್ನ್ರೀ ಅಕ್ಕಾ," ಎಂದ ಚನ್ನು, ಸಂಜೆ ಅವಳು ಮರಳಿದಾಗ, ಅಳುವ ದನಿಯಲ್ಲಿ.

"ನೀ ಏನ್ ಮಾಡ್ತಿ? ಬಾಗ್ಲಾ ತಗದಿಟ್ಟಾಕಿ ನಾನ," ಎಂದಳು ಮಾಸುಂಬಿ.

ಅಂದೇ ಸ್ಕ್ರಿಪ್ಟಿನ ಅಧಿಕಾರವನ್ನು ಕಸದ ಫೋಲ್ಡರಿಗಷ್ಟೇ ಇಳಿಸಿದಳು. ತಿದ್ದುವ ಹಕ್ಕನ್ನು ತನ್ನೊಬ್ಬಳಿಗೇ ಇಟ್ಟುಕೊಂಡಳು. ನಿನ್ನೆಯೇ ಮಾಡಬಾರದಿತ್ತೇ!

ಶುಕ್ರವಾರ ಗದ್ದೆಮ್ಮ ಹೊಸ ಸೀರೆಯುಟ್ಟು, ಸಿಂಧನೂರಿನಲ್ಲಿ ಬಸ್ ಬದಲಿಸಿ ಬಂದಳು. ಮಾಸುಂಬಿ ಏನನ್ನೂ ಮುಚ್ಚಿಡದೆ ಹೇಳಿದಳು. ಗದ್ದೆಮ್ಮ ಪರದೆಯ ಕಡೆ ನೋಡಿದಳು.

"ಇಲ್ಲಿಂದನೂ ಹೋದ್ಳಾ ನಮ್ಮವ್ವ?"

ಮಾಸುಂಬಿ ಕಣ್ಣು ಮುಚ್ಚಿದಳು. ಕೇಳಿ ಕೇಳಿ ಬಾಯಿಪಾಠವಾಗಿದ್ದ ಆ ಪದವನ್ನು ತಾನೇ ಹಾಡತೊಡಗಿದಳು. ಹುಲಿಗೆಮ್ಮ ಉಸಿರೆಳೆದಲ್ಲಿ ತಾನೂ ಎಳೆದಳು, ಅವಳು ಕೆಮ್ಮಿದಲ್ಲಿ ಕೆಮ್ಮಿದಳು. ಹಳೆಯ ಫ್ಯಾನು ಗರಗರ ತಿರುಗುತ್ತಿತ್ತು. ಗದ್ದೆಮ್ಮನ ಬಲಗೈ ಮೇಜಿನ ಮೇಲೆ ಮೆಲ್ಲಗೆ ಸುತ್ತತೊಡಗಿತು, ಬೀಸುಕಲ್ಲಿನ ಗೂಟ ಹಿಡಿದಂತೆ.

ಪದ ಮುಗಿಯಿತು.

"ದನಿ ನಮ್ಮವ್ವಂದಲ್ಲ," ಎಂದಳು ಗದ್ದೆಮ್ಮ. ಕೈ ಇನ್ನೂ ನಿಂತಿರಲಿಲ್ಲ. "ಕೆಮ್ಮು ಮಾತ್ರ ಆಕೀದ ಐತಿ. ಇನ್ನೊಮ್ಮಿ ಹಾಡ ಯವ್ವಾ."