ಬುದ್ರುಕ ಎಂಬ ಮೂರಕ್ಷರ

ಕಡಿಮೆ ಕೀಲಿ ಒತ್ತಿ ಹೆಚ್ಚು ಕೆಲಸ ಮಾಡುವುದೇ ಜಾಣತನ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಿಂದಗಿ ತಾಲೂಕು ಕಚೇರಿಯ ಮುಂದೆ ಟೈಪಿಂಗ್ ಮೇಜು ಹಾಕಿಕೊಂಡು ಈ ಜಾಣತನವನ್ನು ನಾಲ್ಕು ಜನರಿಗೆ ಕಲಿಸಿದವನು ನಾನೇ. ಆದ್ದರಿಂದ ಮೊದಲು ಉರಿಯುವುದು ನನ್ನ ಮೇಲೆಯೇ.

ನಾನು ಓದಿದ್ದು ಏಳನೆಯ ಇಯತ್ತೆ, ಅದೂ ಎರಡು ಸಲ. ಊರವರ ಕುಪ್ಪಸ ಹೊಲಿಯುತ್ತಿದ್ದ ಅಕ್ಕ ಶಾಂತಾ, "ಲೇ, ನಿನ್ನ ತಲಿ ಅಂತೂ ಓಡೂದಿಲ್ಲ, ಬೆರಳರೆ ಓಡ್ತಾವೇನ ನೋಡೂಣು" ಎಂದು ನನ್ನನ್ನು ಟೈಪಿಂಗ್ ಕ್ಲಾಸಿಗೆ ಹಚ್ಚಿದಳು. ಬೆರಳು ಓಡಿದವು. ಅನಾಹುತ ಶುರುವಾದದ್ದು ಅಲ್ಲಿಂದಲೇ.

ಕನ್ನಡದ ಟೈಪರೈಟರಿನಲ್ಲಿ ಅಕ್ಷರಕ್ಕೊಂದು ಕೀಲಿ ಎಂದು ತಿಳಿಯಬೇಡಿ. ಅಕ್ಷರ ಬೇರೆ, ಅದರ ಕೊಂಬು ಬೇರೆ, ಒತ್ತು ಬೇರೆ. 'ದ್ರು' ಎಂದು ಮೂಡಿಸುವಷ್ಟರಲ್ಲಿ ಮೂರು ಸಲ ಬೆರಳೆತ್ತಬೇಕು, ನಡುವೆ ಕಿರುಬೆರಳಿನಿಂದ ಶಿಫ್ಟ್ ಅದುಮಬೇಕು. ದಿನವಿಡೀ ಅರ್ಜಿ ಹೊಡೆಯುವವನ ಕಿರುಬೆರಳು ಸಂಜೆಗೆ ಮಾತು ಕೇಳುವುದಿಲ್ಲ. ನಾನು ಅಡ್ಡದಾರಿಗಳನ್ನು ಹುಡುಕಿದೆ. ಒಂದು ಹೆಸರನ್ನು ಒಂದೇ ಸಲ ಹೊಡೆದು ಆಮೇಲೆಲ್ಲ 'ಸದರಿಯವರು'. ತಾಲೂಕಿಗೆ ಬರೀ 'ತಾ'. 'ತಮ್ಮ ವಿಶ್ವಾಸಿ' ಎಂಬ ಕೊನೆಯ ಸಾಲನ್ನು ಮೊದಲೇ ಹೊಡೆದಿಟ್ಟ ಹಾಳೆಗಳ ಕಟ್ಟು. ಪಕ್ಕದವನು ಮೂರು ಅರ್ಜಿ ಮುಗಿಸುವಷ್ಟರಲ್ಲಿ ನನ್ನವು ಐದು ಮುಗಿಯುತ್ತಿದ್ದವು. ಜನ 'ಮಶೀನ್ ಮಾಸ್ತರ' ಎಂದರು, ನಾನು ಹಿಗ್ಗಿದೆ. ಆಗ ಹಿಗ್ಗಿದ ಆ ಮೋರೆ ಈಗ ಎದುರಿಗೆ ಸಿಕ್ಕರೆ ಕಪಾಳಕ್ಕೆ ಬಾರಿಸುತ್ತೇನೆ.

ನಮ್ಮೂರು ಕರಿಕಟ್ಟಿ ಬುದ್ರುಕ. ಹಳ್ಳ ದಾಟಿದರೆ ಕರಿಕಟ್ಟಿ ಖುರ್ದ. ಬುದ್ರುಕ ಎಂದರೆ ದೊಡ್ಡದು, ಖುರ್ದ ಎಂದರೆ ಸಣ್ಣದು, ಬಾದಶಾಹಿ ಕಾಲದ ಮಾತುಗಳು ಎಂದು ಕಚೇರಿಯ ಹಳೆಯ ಕಾರಕೂನರೊಬ್ಬರು ನನಗೆ ಹೇಳಿದ್ದರು. ಈಗ ಖುರ್ದದಲ್ಲಿ ಹಿಟ್ಟಿನ ಗಿರಣಿ ಇದೆ, ಎರಡು ಚಹಾದಂಗಡಿ ಇವೆ. ಬುದ್ರುಕದಲ್ಲಿ ದೊಡ್ಡದೆನ್ನಲು ಉಳಿದದ್ದು ಹೆಸರೊಂದೇ. ಅದನ್ನೂ ನಾನು ಕತ್ತರಿಸಿದೆ.

ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಶಿಕ್ಷಕಿಯ ಜಾಗ ಖಾಲಿಯಾಗಿತ್ತು. "ತಮ್ಮಾ, ಅರ್ಜಿ ಚಲೋತ್ನಂಗ ಹೊಡಿ. ಮುಂದಿನ ವರ್ಷ ನನ್ನ ವಯಸ್ಸ ದಾಟತೈತಿ, ಆಮ್ಯಾಲ ಯಾರೂ ತಗೊಳ್ಳೂದಿಲ್ಲ" ಎಂದಳು ಅಕ್ಕ. ಚೆನ್ನಾಗಿಯೇ ಹೊಡೆದೆ, ಒಂದು ತಪ್ಪಿಲ್ಲ. ವಿಳಾಸಕ್ಕೆ ಬಂದಾಗ ಕಿರುಬೆರಳು ತಕರಾರು ಮಾಡಿತು. 'ಶಾಂತಾಬಾಯಿ ಪಾಟೀಲ, ಮು. ಕರಿಕಟ್ಟಿ, ತಾ. ಸಿಂದಗಿ.' ಎಲ್ಲರಿಗೂ ಗೊತ್ತಿರುವ ಬುದ್ರುಕವನ್ನು ಯಾಕೆ ಹೊಡೆಯಬೇಕು? ಎಲ್ಲರಿಗೂ ಎಂದರೆ ನನಗೆ. ಶಾಂತಾಬಾಯಿ ಪಾಟೀಲರು ನಮ್ಮ ಕಡೆ ಓಣಿಗೊಬ್ಬರು ಇರುತ್ತಾರೆ ಎಂಬುದು ಮಾತ್ರ ಆಗ ನೆನಪಾಗಲಿಲ್ಲ.

ಒಂದೂವರೆ ತಿಂಗಳ ಮೇಲೆ ಖುರ್ದದ ಮುದುಕನೊಬ್ಬ ನನ್ನ ಮೇಜಿಗೆ ಬಂದ. ಹೆಗಲ ವಸ್ತ್ರದ ಗಂಟು ಬಿಚ್ಚಿ ಸರಕಾರಿ ಲಕೋಟೆಯೊಂದನ್ನು ತೆಗೆದ. ಅದರ ಮೇಲೆ ಕುಂಕುಮ, ಅಂಟಿಕೊಂಡ ಅಕ್ಕಿಕಾಳು.

"ನಮ್ಮ ಸೊಸಿ ಶಾಂತವ್ವನ ಹೆಸರೀಲೆ ಬಂದೈತ್ರಿ. ಸರಕಾರದ್ದಂತ ದೇವರ ಮಾಡದಾಗ ಇಟ್ಟಿದ್ದಿವಿ. ಏನ ಬರದಾರ ಓದ್ರಿ ಮಾಸ್ತರ."

ಲಕೋಟೆಯ ಮೇಲಿದ್ದದ್ದು ನಾನು ಕೊಟ್ಟ ವಿಳಾಸವೇ. ಒಳಗೆ, ಬಿಜಾಪುರಕ್ಕೆ ಸಂದರ್ಶನಕ್ಕೆ ಬರಬೇಕೆಂಬ ಪತ್ರ. ಆ ದಿನ ಕಳೆದು ಹನ್ನೊಂದು ದಿನಗಳಾಗಿದ್ದವು.

"ಇದು ನಿಮ್ಮದಲ್ಲ" ಎಂದೆ. "ಹಂಗಾರ ಪೂಜಿ ಮಾಡಿದ್ದು ದಂಡ ಆತ ಬಿಡ್ರಿ" ಎಂದು ಮುದುಕ ನಕ್ಕು ಎದ್ದುಹೋದ. ಲಕೋಟೆ ಟೈಪರೈಟರ್ ಪೆಟ್ಟಿಗೆಯ ತಳ ಸೇರಿತು.

ಅಕ್ಕ ದಿನಾ ಕೇಳುತ್ತಿದ್ದಳು. ಒಂದು ದಿನ ತಡೆಯಲಾರದೆ, "ಟಪಾಲಿನಾಂವ ಎಲ್ಲೋ ಕಳದಿರಬೇಕು" ಎಂದುಬಿಟ್ಟೆ. ಅದೂ ಅಡ್ಡದಾರಿಯೇ. ನಿಜ ಹೇಳಲು ಬಹಳ ಮಾತು ಬೇಕಿತ್ತು, ಸುಳ್ಳು ಒಂದೇ ಸಾಲಿನಲ್ಲಿ ಮುಗಿಯಿತು.

ನಮ್ಮೂರ ಟಪಾಲಿನ ಮಕ್ತುಮಸಾಬರು ಎರೆಮಣ್ಣಿನ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಬಂದು, ಓದಲು ಬಾರದವರಿಗೆ ಕಾಗದ ಓದಿ ಹೇಳಿ ಹೋಗುವ ಮನುಷ್ಯ; ಖುರ್ದದ ಟಪಾಲು ಹಂಚುವವರು ಬೇರೆ. ಆಮೇಲಿನ ನಾಲ್ಕು ವರ್ಷ ಅಕ್ಕ ಅವರನ್ನು ಒಳಗೆ ಕರೆಯಲಿಲ್ಲ. "ಇವತ್ತರೆ ಕಳೀಲಾರದ ತಂದೀರೇನು?" ಎಂದು ಹೊಸ್ತಿಲಲ್ಲೇ ಚುಚ್ಚುತ್ತಿದ್ದಳು. "ಅಲ್ಲಾನ ಆಣಿ ಐತಿ ತಂಗಿ, ಅದು ನನ್ನ ಕೈಗೇ ಬಂದಿಲ್ಲ" ಎನ್ನುತ್ತಿದ್ದರು ಅವರು. ಒಳಗೆ ಕೂತ ನಾನು ರೊಟ್ಟಿ ಮುರಿಯುತ್ತಿದ್ದೆ. ಆ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳಬೇಕಿತ್ತು. ಸರಾಗವಾಗಿ ಇಳಿಯುತ್ತಿತ್ತು. ಅದಕ್ಕೇ ನನ್ನ ಮೇಲೆ ನನಗೆ ಇಷ್ಟು ಸಿಟ್ಟು.

ಹೋದ ತಿಂಗಳು ಮಕ್ತುಮಸಾಬರು ಬಂದು, "ತಂಗಿ, ಈ ವಾರಕ್ಕ ನನ್ನ ನೌಕರಿ ಮುಗೀತು. ಹೋಗೂಕಿಂತ ಮೊದಲ ಒಂದ ಸಲಾ ನನ್ನ ನಂಬು" ಎಂದರು. ಅಕ್ಕ ತಲೆ ಎತ್ತಲಿಲ್ಲ. ಅವರು ಸೈಕಲ್ ತಿರುಗಿಸಿದರು. ನಾನು ಎದ್ದು ಪೆಟ್ಟಿಗೆಯ ತಳದ ಲಕೋಟೆಯನ್ನು ತೆಗೆದು ಅವಳ ಹೊಲಿಗೆ ಮಶೀನಿನ ಮೇಲಿಟ್ಟು ಎಲ್ಲ ಹೇಳಿದೆ.

ಅಕ್ಕ ಪತ್ರ ಓದಿದಳು. ವಿಳಾಸವನ್ನು ಇನ್ನೊಮ್ಮೆ ಓದಿದಳು.

"ಎಷ್ಟ ಅಕ್ಷರ ಬಿಟ್ಟಿ?"

"ಮೂರು."

"ಮೂರ ಅಕ್ಷರ ಉಳಿಸಿದಿ. ಎಲ್ಲಿಟ್ಟೀದಿ? ತಗದ ತೋರಸು."

ಇಷ್ಟು ವರ್ಷ ಉಳಿಸಿದ ವೇಳೆಯೆಲ್ಲ ಎಲ್ಲಿ ಹೋಯಿತೋ, ಒಂದು ತಾಸಿನಷ್ಟೂ ಕೈಯಲ್ಲಿಲ್ಲ. ಅಕ್ಕ ಬೀದಿಗೆ ಓಡಿದಳು. "ಮಕ್ತುಮಣ್ಣಾ, ನಿಂದರ್ರಿ! ಒಳಗ ಬರ್ರಿ!"

ಅವರನ್ನು ಕೂಡಿಸಿ ನನ್ನತ್ತ ತಿರುಗಿದಳು. "ಇವರ ಮುಂದ ಹೇಳು. ಪೂರ್ತಿ ಹೇಳು. ಒಂದ ಅಕ್ಷರಾನೂ ಬಿಡಬ್ಯಾಡ."

ಹೇಳಿದೆ. ಸದರಿ ಟೈಪಿಸ್ಟ ಎನ್ನಲಿಲ್ಲ, ನಾನು ಎಂದೇ ಹೇಳಿದೆ. ಮಕ್ತುಮಸಾಬರು ಚಷ್ಮಾ ತೆಗೆದು ಬಹಳ ಹೊತ್ತು ಒರೆಸಿದರು. ಅಕ್ಕ ಚಹಾ ತಂದು ಅವರ ಕೈಗಿತ್ತಳು, ತಾನೂ ಒಂದು ಕಪ್ಪು ಹಿಡಿದು ಕೂತಳು. ಒಲೆಯ ಮೇಲಿನ ಪಾತ್ರೆಯಲ್ಲಿ ಇನ್ನೊಂದು ಕಪ್ಪಿನಷ್ಟು ಇತ್ತು.

"ಇವಗ ಇಲ್ಲೇನವಾ?" ಎಂದರು ಮಕ್ತುಮಸಾಬರು.

"ಉಳಿಸೇನಿ" ಎಂದಳು ಅಕ್ಕ.