ಮಿಷನ್ ಕೆಟ್ಟಿರಲಿಲ್ಲ

ಸಿನಿಮಾ ನಿರ್ಮಾಪಕನಾಗುವ ಮೊದಲು ನನ್ನಣ್ಣ ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸಿನ ಸಿನಿಮಾ ಟೆಂಟಿನಲ್ಲಿ ಮೂಕಿಚಿತ್ರದ ಪರದೆ ಪಕ್ಕ ನಿಂತು, ಗಣಿ ಕೂಲಿಗಳಿಗೆ ಕನ್ನಡ, ತಮಿಳು, ತೆಲುಗಿನಲ್ಲಿ ಕಥೆ ಕೂಗಿ ಹೇಳುತ್ತಿದ್ದ. ಪ್ರೊಜೆಕ್ಟರಿನ ಹಿಡಿಕೆ ತಿರುಗಿಸುವುದು ನನ್ನ ಕೆಲಸ. ಒಂದು ಸಂಜೆ ಮದರಾಸಿನ ಚಿತ್ರ ಕಂಪನಿಯ ಯಜಮಾನರು ಅಣ್ಣನನ್ನು ಕೆಲಸಕ್ಕೆ ಪರೀಕ್ಷಿಸಲು ಬಂದರು. ಅವನು ಹೋದರೆ ಮನೆಯವರು ನನ್ನನ್ನು ನಮ್ಮ ಹಳ್ಳಿ ಬೂದಿಕೋಟೆಗೆ ಎಮ್ಮೆ ಕಾಯಲು ಕಳಿಸುತ್ತಾರೆಂಬ ಹೆದರಿಕೆಗೆ, ಮುದಿ ತಾಯಿಯ ಹೆಣ ಹೊರುವ ದೃಶ್ಯದಲ್ಲಿ ಬೇಕೆಂದೇ ಹಿಡಿಕೆಯನ್ನು ಬಿರಬಿರನೆ ತಿರುಗಿಸಿದೆ. ಹೆಣ ಹೊತ್ತವರು ಓಡತೊಡಗಿದರು. ಟೆಂಟೆಲ್ಲ ನಕ್ಕಿತು.

ಅಣ್ಣ ಪರದೆಯತ್ತ ತಿರುಗಿ, "ಲೇ, ಮೆಲ್ಲಗೆ ಓಗ್ರೋ! ಮುದುಕಿ ಎದ್ದು ಬೈದಾಳು!" ಎಂದು ಕೂಗಿದ. ಅದನ್ನೇ ತಮಿಳಲ್ಲೂ ತೆಲುಗಲ್ಲೂ ಕೂಗಿದ. ಯಜಮಾನರು ಹೊಟ್ಟೆ ಹಿಡಿದು ನಕ್ಕು, ಅವನನ್ನು ಮದರಾಸಿಗೆ ಕರೆದೊಯ್ದರು.

"ಅವತ್ತು ಮಿಷನ್ ಕೆಟ್ಟಿದ್ದೇ ಒಳ್ಳೇದಾಯ್ತು ಕಣ್ಲಾ," ಎಂದು ಅಣ್ಣ ಈಗಲೂ ನನ್ನ ಬೆನ್ನು ತಟ್ಟುತ್ತಾನೆ. ಈ ಸಲ ಬಂದಾಗ ನಿಜ ಹೇಳಿಯೇ ಹೇಳುತ್ತೇನೆ.