ಏಜೆಂಟ್ ಯಾರೂ ಇಲ್ಲ

ಮಮ್ತಾಜಕ್ಕ, ಆ ಪದದ ಅರ್ಥ ನನಗೆ ಗೊತ್ತಿತ್ತು. ನಿಮಗೆ ಗೊತ್ತಿಲ್ಲವೆಂಬುದೂ ಗೊತ್ತಿತ್ತು. ಗೊತ್ತಿದ್ದೇ ಬಾಯಿ ಮುಚ್ಚಿಕೊಂಡು ಕೂತೆ — ಇಲ್ಲ, ಅದೂ ಸುಳ್ಳು, ನಿಮ್ಮ ಜೊತೆ ಸೇರಿ ನಕ್ಕೆ. ನಿಮ್ಮ ಕೆಲಸ ಹೋದದ್ದು ನಿಮ್ಮ ನಾಲಿಗೆಯಿಂದಲೇ ಎಂದು ನೀವು ಇವತ್ತಿಗೂ ನಂಬಿಕೊಂಡಿದ್ದೀರಿ. ಹಾಗೆ ನಂಬಿಸಿದವನು ನಾನು.

ಚನ್ನಗಿರಿಯ ನಮ್ಮ ಬೋರ್‌ವೆಲ್ ಮೋಟಾರಿನ ಅಂಗಡಿಯಲ್ಲಿ ಅಪ್ಪನ ಕಾಲದಿಂದಲೂ ಫೋನಿನ ಮುಂದೆ ಕೂತವರು ನೀವು. ಆಮೇಲೆ ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲೂ ಅಂಗಡಿ ತೆರೆದೆವು. ಆದರೂ ಯಾವ ಹೊಲದಲ್ಲಿ ಮೋಟಾರು ಸುಟ್ಟರೂ ಫೋನು ನಿಮಗೇ ಬರುತ್ತಿತ್ತು. ನೀವು ಬೈಯುತ್ತಿದ್ದಿರಿ, ನಗುತ್ತಿದ್ದಿರಿ, ಮನೆಮಂದಿಯನ್ನೆಲ್ಲ ವಿಚಾರಿಸಿ ಆಮೇಲೆ ಮೆಕ್ಯಾನಿಕ್ಕನ್ನು ಕಳಿಸುತ್ತಿದ್ದಿರಿ. ಕೆಲವು ಸಲ ಹೊನ್ನಾಳಿಗೆ ಹೋಗಬೇಕಾದವನನ್ನು ನ್ಯಾಮತಿಗೆ ಕಳಿಸಿದ್ದೂ ಉಂಟು. ಅದನ್ನೂ ಜನ ನಕ್ಕು ಮರೆಯುತ್ತಿದ್ದರು. ನಾನು ಎತ್ತಿದರೆ ಮಾತ್ರ, “ಅಕ್ಕಾರು ಇಲ್ಲೇನ್ರಿ? ಇರ್ಲಿ ಬಿಡ್ರಿ, ಆಮ್ಯಾಲೆ ಮಾಡ್ತೀನಿ.”

ಒಮ್ಮೆ ತ್ಯಾವಣಿಗೆಯ ರೈತನೊಬ್ಬ ಅಂಗಡಿಗೇ ಬಂದು, ಗಲ್ಲಾದ ಮೇಲೆ ಕೂತಿದ್ದ ನನ್ನನ್ನು, “ನೀವು ಹೊಸದಾಗಿ ಸೇರೀರೇನು?” ಎಂದು ಕೇಳಿದ. ಅಂಗಡಿಗೆ ಅಂಗಡಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ನೀವು. ಅದರಲ್ಲಿ ವಿಷವಿರಲಿಲ್ಲ, ಗೊತ್ತು — ಗೊತ್ತಿದ್ದೂ ಅವತ್ತು ನಿಮ್ಮನ್ನು ಹೊರಗೆ ಹಾಕಬೇಕೆಂದು ತೀರ್ಮಾನಿಸಿದೆ. ಹೊಟ್ಟೆಕಿಚ್ಚು, ಅಷ್ಟೇ. ಅದಕ್ಕೆ ದೊಡ್ಡ ಹೆಸರಿಟ್ಟು ಗೌರವ ಕೊಡಲಾರೆ.

ನೇರವಾಗಿ ಬಿಡಿಸಿದರೆ ಊರು ಉಗಿಯುತ್ತಿತ್ತು. ಹಾಗಾಗಿ ಕ್ಲೌಡ್ ಫೋನಿನ ದಾರಿ ಹಿಡಿದೆ. ನಾಲ್ಕು ಊರಿಗೂ ಒಂದೇ ನಂಬರು. ಕರೆ ಬರುವುದು ಇಂಟರ್ನೆಟ್ಟಿನ ಮೇಲೆ. ಒಂದು ಒತ್ತಿದರೆ ಚನ್ನಗಿರಿ, ಎರಡು ಒತ್ತಿದರೆ ಹೊನ್ನಾಳಿ. ಎರಡು ಕಂಪನಿಯವರನ್ನು ಕರೆಸಿದೆ. “ಫೋನು ನಿಮ್ದು, ನೀವೇ ಆರಿಸ್ರಿ ಅಕ್ಕಾ” ಎಂದೆ. ನಿಮ್ಮ ಮುಖ ಎಷ್ಟು ಅರಳಿತು! ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಅನ್ನುತ್ತಾರೆ. ನಾನು ಕೇಳಿಯೇ ಅರೆದೆ.

ನೀವು ಹೊಸ ಸೀರೆ ಉಟ್ಟುಕೊಂಡು ಬಂದಿದ್ದಿರಿ. ಮೊದಲನೆಯವನು ದರ ಕಡಿಮೆ ಎಂದು ಹೊಗಳಿಕೊಂಡಾಗ ಅವನನ್ನು ಅಲ್ಲಿಗೇ ತಡೆದಿರಿ. “ಕರೆಂಟ್ ಹೋದ್ರೆ ಏನ್ ಮಾಡ್ತೈತೆ ಇದು? ಜಗಳೂರಾಗೆ ರೋಡ್ ಅಗೆದು ಕೇಬಲ್ ಕಡಿದ್ರೆ? ಜನ ಯಾರಿಗೆ ಫೋನ್ ಮಾಡ್ಬೇಕು, ನಿಮಗಾ?” ಅವನು ಮತ್ತೆ ದರದ ಪಟ್ಟಿಯನ್ನೇ ಮುಂದೆ ಮಾಡಿದ. ಎರಡನೆಯವನು ದಾವಣಗೆರೆಯಿಂದ ಬಂದ ಹುಡುಗ. ಕೇಬಲ್ ಕಡಿದರೆ ಸಿಮ್ಮಿನ ಮೇಲೆ ನಡೆಯುತ್ತದೆ, ಅದೂ ಹೋದರೆ ಕರೆ ಇನ್ನೊಂದು ಊರಿನ ಅಂಗಡಿಗೆ ತಿರುಗುತ್ತದೆ ಎಂದು ತೋರಿಸಿಕೊಟ್ಟ. ನೀವು ಅವನನ್ನೇ ಆರಿಸಿದಿರಿ. ಆರಿಸಿದ್ದು ಸರಿಯಾಗಿಯೇ ಇತ್ತು. ಇವತ್ತಿಗೂ ಅದೇ ನಡೆಯುತ್ತಿದೆ.

ಕೊನೆಗೆ ಅವನು ಕೇಳಿದ: “ಏಜೆಂಟ್ ಎಷ್ಟು ಜನ ಹಾಕ್ಲಿ?”

ಅವರ ಭಾಷೆಯಲ್ಲಿ ಏಜೆಂಟ್ ಎಂದರೆ ಕೂತು ಫೋನ್ ಎತ್ತುವವರು. ಅಂದರೆ ನೀವು. ಯಾರನ್ನೂ ಹಾಕದಿದ್ದರೆ ಕರೆ ನೇರ ಮೆಕ್ಯಾನಿಕ್ಕಿನ ಮೊಬೈಲಿಗೆ. ನಮ್ಮ ಕಡೆ ಏಜೆಂಟ್ ಎಂದರೆ ದಲ್ಲಾಳಿ — ಮಂಡಿಯಲ್ಲಿ, ತಾಲ್ಲೂಕು ಕಚೇರಿಯ ಬಾಗಿಲಲ್ಲಿ ನಿಂತು ನಡುವೆ ತಿನ್ನುವವನು. ಆ ಪ್ರಶ್ನೆ ಬಂದೇ ಬರುತ್ತದೆಂದು ನನಗೆ ಮೊದಲೇ ತಿಳಿದಿತ್ತು. ನಿಮ್ಮೆದುರು ಸೊನ್ನೆ ಎಂದು ಹೇಗೆ ಹೇಳಲಿ ಎಂದು ಒದ್ದಾಡುತ್ತಿದ್ದೆ. ನೀವು ನನ್ನ ಕಷ್ಟ ತಪ್ಪಿಸಿದಿರಿ.

“ಏಜೆಂಟಾ? ಅಯ್ಯ, ನಮ್ಮಲ್ಲಿ ಏಜೆಂಟ್ ಒಬ್ರೂ ಇಲ್ಲ ಕಣ್ರೀ! ಜನ ನೇರ ಬರ್ತಾರೆ, ನೇರ ಹೋಗ್ತಾರೆ. ಏಜೆಂಟ್ ಗೀಜೆಂಟ್ ಇಟ್ಕಂಡು ಬದುಕೋ ಅಂಗಡಿ ಅಲ್ಲ ಇದು!”

ನಮ್ಮ ಅಂಗಡಿಯ ಮಾನಕ್ಕಾಗಿ ಆಡಿದ ಮಾತು ಅದು. ಹುಡುಗ ಗೊಂದಲದಿಂದ ನನ್ನ ಮುಖ ನೋಡಿದ. ಆಗ ಒಂದು ಮಾತು ಸಾಕಿತ್ತು — “ಅಕ್ಕಾ, ಅದು ನೀವೇ” — ಅಷ್ಟು. ನಾನು ನಕ್ಕು, “ಅಕ್ಕಾರು ಹೇಳಿದ ಮ್ಯಾಲೆ ಮುಗೀತು, ಹಂಗೇ ಬರ್ಕೊಳ್ರಿ” ಎಂದೆ.

ಹೊಸ ಫೋನು ಶುರುವಾದ ದಿನ ನೀವು ಎಲ್ಲರಿಗೂ ಪೇಡೆ ಹಂಚಿ ಕೂತಿರಿ. ಕರೆಗಳು ನೇರವಾಗಿ ಮೆಕ್ಯಾನಿಕ್ಕುಗಳ ಮೊಬೈಲಿಗೆ ಹೋದವು. ನಿಮ್ಮ ಫೋನು ಕೆಟ್ಟಿರಬೇಕೆಂದು ವೈರು ಎಳೆದು ನೋಡಿದಿರಿ, ತಟ್ಟಿದಿರಿ. ಸಂಜೆಯವರೆಗೂ ಸುಮ್ಮನೆ ನೋಡಿದೆ. ಆಮೇಲೆ ಎಲ್ಲರ ಮುಂದೆ ಅಂದೆ: “ಏಜೆಂಟ್ ಬ್ಯಾಡ ಅಂದೋರು ನೀವೇ ಅಲ್ಲೇನ್ರಿ ಅಕ್ಕಾ? ಏಜೆಂಟ್ ಅಂದ್ರೆ ನೀವೇ!” ಎಲ್ಲರೂ ನಕ್ಕರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಯಾರೋ ಸೇರಿಸಿದರು. ಸರಿಪಡಿಸಲು ಬರುವುದಿಲ್ಲವೇ ಎಂದು ನೀವು ಮೆಲ್ಲಗೆ ಕೇಳಿದಿರಿ. ಒಪ್ಪಂದ ಆಗಿಹೋಗಿದೆ, ಬರುವುದಿಲ್ಲ ಎಂದೆ. ಬರುತ್ತಿತ್ತು. ಅದೇ ವಾರ ಆ ಹುಡುಗನೇ ಫೋನ್ ಮಾಡಿ, “ಒಬ್ರನ್ನಾದ್ರೂ ಹಾಕ್ಲಾ ಸರ್, ಈಗ್ಲೇ ಆಗ್ತೈತೆ” ಎಂದ. ಬೇಡ ಎಂದೆ.

ನೀವು ಕೆಲವು ದಿನ ಬಂದು ಆ ಸತ್ತ ಫೋನಿನ ಮುಂದೆ ಕೂತಿರಿ. ಆಮೇಲೆ ನನ್ನ ಹತ್ತಿರ ಬಂದಿರಿ — ಜಗಳಕ್ಕೆ ಎಂದುಕೊಂಡೆ, ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. “ನಂದೇ ತಪ್ಪು ಅಣ್ಣಾರೆ. ತಿಳೀದೆ ಬಾಯಿ ಹಾಕ್ದೆ. ನಾಳಿಂದ ಬರಂಗಿಲ್ಲ, ಬ್ಯಾಸರ ಮಾಡ್ಕಬ್ಯಾಡ್ರಿ.” ನಾನು, “ಇರ್ಲಿ ಬಿಡ್ರಿ ಅಕ್ಕಾ” ಎಂದೆ. ದೊಡ್ಡ ಮನಸ್ಸಿನವನ ಹಾಗೆ. ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಮೊನ್ನೆ ಸಂತೇಬೆನ್ನೂರಿನ ಮದುವೆಯಲ್ಲಿ ನಿಮ್ಮನ್ನು ನೋಡಿದೆ. ಯಾರೋ ಹೊಸ ಮೊಬೈಲು ಯಾವುದು ತಗೊಳ್ಳಲಿ ಎಂದು ನಿಮ್ಮನ್ನು ಕೇಳುತ್ತಿದ್ದರು. ನೀವು ಮಾತಾಡುವ ಮೊದಲೇ ನಿಮ್ಮ ಸೊಸೆ, “ಅವರನ್ನೇನ್ ಕೇಳ್ತೀರಿ, ಒಂದು ಮಾತಿಗೆ ಕೆಲಸ ಕಳ್ಕಂಡೋರು” ಎಂದಳು. ನೀವೂ ತಲೆಯಾಡಿಸಿದಿರಿ. “ಹೌದಪ್ಪ, ನನ್ನ ಕೇಳಬ್ಯಾಡ. ನಂಗೇನೂ ತಿಳಿಯಂಗಿಲ್ಲ.” ಅಂಗಡಿ ತುಂಬ ಕೇಳಿಸುತ್ತಿದ್ದ ಆ ದನಿ ಪಕ್ಕದ ಕುರ್ಚಿಗೂ ಸರಿಯಾಗಿ ಕೇಳುತ್ತಿರಲಿಲ್ಲ. ಕೆಲಸ ಮಾತ್ರ ಕಿತ್ತುಕೊಂಡೆ ಎಂದುಕೊಂಡಿದ್ದೆ — ನಾನು ನಿಮ್ಮ —

ಅಷ್ಟರಲ್ಲಿ ನನ್ನನ್ನು ಕಂಡಿರಿ. ಎದ್ದು ಕುರ್ಚಿ ಬಿಟ್ಟುಕೊಟ್ಟಿರಿ. “ಕುಂತ್ಕಳ್ರಿ ಅಣ್ಣಾರೆ. ಅವತ್ತು ನನ್ನಿಂದ ನಿಮ್ಗೆ ಭಾಳ ತೊಂದ್ರೆ ಆತು” ಎಂದಿರಿ. ನಾನು ಕೂತೆ. “ಅದನ್ನೆಲ್ಲ ಮರ್ತೀನಿ ಬಿಡ್ರಿ” ಎಂದೆ.

ನಾಳೆ ಬಸವಾಪಟ್ಟಣಕ್ಕೆ, ನಿಮ್ಮ ಮನೆಗೆ ಬರುತ್ತೇನೆ. ಇಷ್ಟನ್ನೂ ನಿಮ್ಮ ಸೊಸೆ ಕೇಳುವಂತೆ, ನಿಂತುಕೊಂಡೇ ಹೇಳುತ್ತೇನೆ. ನೀವು ನನ್ನನ್ನು ಕ್ಷಮಿಸಬೇಕಿಲ್ಲ, ಅದನ್ನು ಕೇಳುವ ಬಾಯಿ ನನಗಿಲ್ಲ. ನಾನು ಮಾಡಿದ ತಪ್ಪಿಗೆ ಎರಡು ಸಲ ನಿಮ್ಮನ್ನು ಕ್ಷಮಿಸಿದ್ದೇನೆ, ಅಕ್ಕ.